ಬರದ ನಾಡಿನಲ್ಲಿ ಬಿಸಿಲು ಬೆಳೆಯಾದ ಬಗೆ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ಒಂದು ಲೇಖನ ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಪಾವಗಡದ ಕೋಟೆಯ ಬಗ್ಗೆ, ಪಾಳೇಗಾರರ ಬಗ್ಗೆ ಬರೆಯಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಇದೇ ಶಾಲೆಯಲ್ಲಿ ಓದಿ, ಬೇರೆ ಊರಿನಲ್ಲಿ ಇತಿಹಾಸದ ಮೇಷ್ಟ್ರಾಗಿ ನಿವೃತ್ತನಾದ ನಾನು ನಮ್ಮ ಬರದ ಬಗ್ಗೆ ಬರೆಯುತ್ತೇನೆ. ನಮ್ಮ ಹಿರಿಯರು ಬರದ ಜೊತೆ ಗುದ್ದಾಡುತ್ತಾ ಒಂದೊಂದೇ ಉಪಾಯ ಕಂಡುಕೊಂಡ ಬಗೆಯೂ ಇತಿಹಾಸವೇ ಅಲ್ಲವೇ?

ನಮ್ಮ ತಾಲ್ಲೂಕು ಕರ್ನಾಟಕದ್ದಾದರೂ ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದವರು ನಾವು. ತೆಲುಗಿನಲ್ಲಿ ಕೆರೆಗೆ ‘ಚೆರುವು’ ಎನ್ನುತ್ತಾರೆ. ರಾಯಚರ್ಲು, ಕ್ಯಾತಗಾನಚರ್ಲು ಎಂಬ ಹೆಸರುಗಳನ್ನು ಕೇಳಿದಾಗಲೆಲ್ಲ ನನಗೆ ಆ ಪದವೇ ನೆನಪಾಗುತ್ತದೆ. ಅದೇ ತಾಲ್ಲೂಕನ್ನು ಅರವತ್ತು ವರ್ಷಗಳಲ್ಲಿ 54 ಬಾರಿ ಬರಪೀಡಿತವೆಂದು ಘೋಷಿಸಲಾಯಿತು ಎಂದು ಪತ್ರಿಕೆಗಳು ಮತ್ತೆ ಮತ್ತೆ ಬರೆದಿವೆ.

ಬರಕ್ಕೆ ಹಿರಿಯರು ಕಂಡುಕೊಂಡ ಹಳೆಯ ಉತ್ತರ ಕೆರೆ. ವರ್ಷದಲ್ಲಿ ಕೆಲವೇ ದಿನ ಸುರಿಯುವ ಮಳೆಯನ್ನು ಏರಿ ಕಟ್ಟಿ ನಿಲ್ಲಿಸಿದರು, ತೂಬಿನಿಂದ ಗದ್ದೆಗೆ ಬಿಟ್ಟರು, ಹೆಚ್ಚಾದದ್ದನ್ನು ಕೋಡಿಯಿಂದ ಕೆಳಗಿನ ಕೆರೆಗೆ ಹರಿಸಿದರು. ಆದರೆ ಮಳೆಯೇ ಬಾರದ ವರ್ಷ ಕೆರೆಯೂ ಬಾಯಿಬಿಡುತ್ತಿತ್ತು. ಆಗ ನೆಲದೊಳಗಿನ ನೀರಿಗೆ ಬಾವಿ ತೋಡಿದರು, ಎತ್ತು ಕಟ್ಟಿ ಕಪಿಲೆ ಹೊಡೆದರು. ಬೆಳಗಿನ ಜಾವ ತೊಗಲಿನ ಬಾನಿ ಬಾವಿಯೊಳಗೆ ಇಳಿಯುವ ಸದ್ದನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ. ಎತ್ತಿನ ಶಕ್ತಿ ಸಾಲದಾದಾಗ ಕರೆಂಟಿನ ಪಂಪ್‌ಸೆಟ್ ಬಂತು. ಪಂಪ್‌ಸೆಟ್ಟಿಗೆ ಬಾವಿ ಬತ್ತಿದಾಗ ಕೊಳವೆ ಬಾವಿ ಬಂತು. ಬೋರು ಆಳಕ್ಕೆ ಹೋದಂತೆ ಸಾಲವೂ ಆಳವಾಯಿತು. ಜೊತೆಗೆ ನಮ್ಮ ಅಂತರ್ಜಲದಲ್ಲಿ ಫ್ಲೋರೈಡ್ ಇತ್ತು. ಹಳದಿಗಟ್ಟಿದ ಹಲ್ಲು ನಮ್ಮ ತರಗತಿಯಲ್ಲಿ ಯಾರಿಗೂ ವಿಶೇಷವಾಗಿ ಕಾಣುತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಪ್ರತಿಯೊಂದು ಉಪಾಯವೂ ಹಿಂದಿನ ಉಪಾಯ ಎಲ್ಲಿ ಸೋತಿತೋ ಅಲ್ಲಿಂದಲೇ ಹುಟ್ಟಿತು. ಆದರೆ ಎಲ್ಲವೂ ಕೇಳಿದ ಪ್ರಶ್ನೆ ಒಂದೇ: ಹೊಲಕ್ಕೆ ನೀರು ತರುವುದು ಹೇಗೆ? ತಲೆಯ ಮೇಲೆ ಸುಡುತ್ತಿದ್ದ ಸೂರ್ಯನನ್ನು ಬೈದುಕೊಳ್ಳುವುದು ಬಿಟ್ಟು ನಾವು ಬೇರೇನೂ ಮಾಡಿರಲಿಲ್ಲ.

ಅತ್ತ ಬೇರೆ ದೇಶಗಳಲ್ಲಿ ಅದೇ ಸೂರ್ಯನ ಬಗ್ಗೆ ಇನ್ನೊಂದು ಆಲೋಚನೆ ನಿಧಾನವಾಗಿ ಬೆಳೆಯುತ್ತಿತ್ತು. ಬೆಳಕಿನಿಂದ ವಿದ್ಯುತ್ ಹುಟ್ಟುವುದನ್ನು ಫ್ರಾನ್ಸಿನ ಬೆಕರೆಲ್ 1839ರಲ್ಲಿ ಕಂಡರು. ಕೆಲಸಕ್ಕೆ ಬರುವಂಥ ಸಿಲಿಕಾನ್ ಕೋಶ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿದ್ಧವಾದದ್ದು 1954ರಲ್ಲಿ, ಅಂದರೆ 115 ವರ್ಷಗಳ ನಂತರ. ಅದು ಮೊದಲು ಉಪಗ್ರಹಗಳಿಗೆ ಬಳಕೆಯಾಯಿತು. ಬೆಲೆ ಇಳಿಯುತ್ತಾ ಬಂದಂತೆ ನೆಲಕ್ಕೂ ಬಂತು. ಭಾರತದಲ್ಲಿ ರಾಷ್ಟ್ರೀಯ ಸೌರ ಮಿಷನ್ ಆರಂಭವಾದದ್ದು 2010ರಲ್ಲಿ. ಅದೇ ಸುಮಾರಿಗೆ ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮ 3 ಮೆಗಾವ್ಯಾಟ್ ಸೌರ ಘಟಕ ಸ್ಥಾಪಿಸಿತು. ಸುತ್ತಲಿನ ಹಳ್ಳಿಗಳ ನೀರಾವರಿ ಪಂಪ್‌ಸೆಟ್‌ಗಳಿಗೆ ಒಳ್ಳೆಯ ವೋಲ್ಟೇಜ್ ಸಿಗಲಿ ಎಂಬುದು ಅದರ ಉದ್ದೇಶಗಳಲ್ಲಿ ಒಂದು. ಆಗಲೂ ಸೂರ್ಯನಿಂದ ನೀರೆತ್ತುವ ಯೋಚನೆಯೇ!

ನಮ್ಮ ಊರಿನಲ್ಲಿ ಪ್ರಶ್ನೆಯೇ ಬದಲಾಯಿತು. ನೀರೇ ಇಲ್ಲದಿದ್ದರೆ ಬಿಸಿಲನ್ನೇ ಏಕೆ ಬೆಳೆಯಬಾರದು? ಆದರೆ ಅದಕ್ಕೆ ಸಾವಿರಾರು ಎಕರೆ ಒಂದೇ ಕಡೆ ಬೇಕು. ಗುಜರಾತಿನ ಚಾರಂಕಾದಲ್ಲಿ 2012ರಲ್ಲಿ ಉದ್ಘಾಟನೆಯಾದ ಸೌರ ಪಾರ್ಕಿಗೆ ಸರ್ಕಾರದ ಪಾಳು ಭೂಮಿ ಇತ್ತು. ಇಲ್ಲಿನ ನೆಲ ಬಹುಮಟ್ಟಿಗೆ ರೈತರದು. ಸ್ವಾಧೀನಕ್ಕೆ ಹೊರಟರೆ ಜಗಳ, ಕೋರ್ಟು, ಕಣ್ಣೀರು. 2015ರಲ್ಲಿ ಸ್ಥಾಪನೆಯಾದ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ಬೇರೆ ದಾರಿ ಹಿಡಿಯಿತು. ಭೂಮಿ ರೈತನ ಹೆಸರಿನಲ್ಲೇ ಇರಲಿ, ನಿಗಮ 28 ವರ್ಷಕ್ಕೆ ಗುತ್ತಿಗೆ ಪಡೆಯಲಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಹೆಚ್ಚಳ. ಅಂದರೆ ಮೊದಲ ಹೆಚ್ಚಳಕ್ಕೆ ಎಕರೆಗೆ 22,050.

ನನ್ನ ಲೆಕ್ಕದಲ್ಲಿ ಈ ಕಥೆಯಲ್ಲಿ ನಿಜವಾಗಿ ಹೊಸದು ಗಾಜಿನ ಹಲಗೆಗಿಂತ ಈ ಕರಾರು. ಅದರ ಬೇರು ಮಾತ್ರ ಹಳೆಯದು. ಕೈಲಾಗದವರು ಹೊಲವನ್ನು ಇನ್ನೊಬ್ಬರಿಗೆ ಕೋರಿಗೋ ಗುತ್ತಿಗೆಗೋ ಬಿಡುವುದು ಹಳ್ಳಿಗಳಲ್ಲಿ ಇದ್ದದ್ದೇ. ಹಳೆಯ ರೂಢಿಯೊಂದು ಹೊಸ ಯಂತ್ರದ ಜೊತೆ ಕೂಡಿತು.

ಆದರೂ ಒಪ್ಪುವುದು ಸುಲಭವಾಗಿರಲಿಲ್ಲ. 1974ರ ಭೂಸುಧಾರಣೆ ತಂದ ‘ಉಳುವವನೇ ಹೊಲದೊಡೆಯ’ ಎಂಬ ಮಾತು ಕೇಳಿ ಬೆಳೆದ ತಲೆಮಾರು ನನ್ನ ಅಣ್ಣನದು. “ಕೊಟ್ಟ ಹೊಲ ತಿರುಗಿ ಬರುತ್ತೇನೋ? ಬಾರದಿದ್ದರೆ ಮೊಮ್ಮಕ್ಕಳಿಗೆ ಏನು ಹೇಳೋದು?” ಎಂದು ಅವರು ಹಲವು ರಾತ್ರಿ ನಿದ್ದೆಗೆಟ್ಟರು. ಅತ್ತಿಗೆಯ ಮಾತು ಬೇರೆ: “ಕಡಲೆಕಾಯಿ ಬಿತ್ತಿ ಬೀಜದ ದುಡ್ಡೂ ಬರದೆ ಎಷ್ಟು ವರ್ಷ ಆಯ್ತು, ಅದನ್ನೂ ಲೆಕ್ಕ ಹಾಕಿ.” ಕೊನೆಗೆ ಪಹಣಿಯಲ್ಲಿ ಹೆಸರು ಉಳಿಯುತ್ತದೆ ಎಂಬ ಧೈರ್ಯದ ಮೇಲೆ ಅಣ್ಣ ಸಹಿ ಹಾಕಿದರು.

ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚರ್ಲು, ರಾಯಚರ್ಲು ಈ ಐದು ಊರುಗಳ ಸುಮಾರು 13,000 ಎಕರೆ ಒಟ್ಟಾಯಿತು. 2018ರ ಮಾರ್ಚ್ 1ರಂದು ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ‘ಶಕ್ತಿ ಸ್ಥಳ’ವನ್ನು ಉದ್ಘಾಟಿಸಿದರು. 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ಣವಾಯಿತು. ಜಗತ್ತಿನ ದೊಡ್ಡ ಸೌರ ಪಾರ್ಕುಗಳ ಪಟ್ಟಿಯಲ್ಲಿ ನಮ್ಮ ಊರಿನ ನೆಲವೂ ಸೇರಿತು.

ಕಥೆ ಇಲ್ಲಿಗೆ ಮುಗಿಯಿತೆಂದರೆ ನಾನು ಇತಿಹಾಸದ ಮೇಷ್ಟ್ರಾಗಿದ್ದಕ್ಕೆ ಅರ್ಥವಿಲ್ಲ. ಬಾಡಿಗೆ ಬರುವುದು ಹೊಲ ಇದ್ದವರಿಗೆ. ಅದೇ ಹೊಲದಲ್ಲಿ ಕಳೆ ತೆಗೆದು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವರಿಗೆ ಭೂಮಿಯೂ ಇಲ್ಲ, ಬಾಡಿಗೆಯೂ ಇಲ್ಲ. ಕುರಿ ಮೇಯಿಸುವವರಿಗೆ ಬಯಲು ಕಿರಿದಾಯಿತು. ಕಾವಲು, ಹುಲ್ಲು ಕೊಯ್ಯುವುದು, ಫಲಕ ತೊಳೆಯುವುದು, ಇಂಥ ಕೆಲಸ ಸಿಕ್ಕಿದ್ದು ಕೆಲವರಿಗೆ ಮಾತ್ರ. ನನ್ನ ಜೊತೆ ಇದೇ ಬೆಂಚಿನಲ್ಲಿ ಕುಳಿತ ಗೆಳೆಯರ ಮಕ್ಕಳು ಕೂಲಿಗಾಗಿ ಬೆಂಗಳೂರಿನ ಬಸ್ಸು ಹತ್ತಿದ್ದನ್ನು ನೋಡಿದ್ದೇನೆ. ಇನ್ನು ಧೂಳು ಕುಳಿತ ಫಲಕ ತೊಳೆಯಲು ನೀರು ಬೇಕು. ನೀರಿಲ್ಲದ ಊರಿಗೆ ಅದೂ ಒಂದು ಪ್ರಶ್ನೆ. ನೀರಿಲ್ಲದೆ ಉಜ್ಜುವ ಯಂತ್ರಗಳು ಈಗ ಜಗತ್ತಿನಲ್ಲಿ ಬಳಕೆಗೆ ಬಂದಿವೆ. ಭೂಮಿ ಇಲ್ಲದವರ ಪ್ರಶ್ನೆಗೆ ಮಾತ್ರ ಅಂಥ ಯಂತ್ರವಿಲ್ಲ. ಅದನ್ನು ಮನುಷ್ಯರೇ ಕೂತು ಯೋಚಿಸಬೇಕು.

ಕೆರೆ ಸೋತಲ್ಲಿ ಬಾವಿ, ಬಾವಿ ಸೋತಲ್ಲಿ ಬೋರು, ಬೋರು ಸೋತಲ್ಲಿ ಬಿಸಿಲು. ಬಿಸಿಲು ಸೋತಿರುವ ಜಾಗ ಯಾವುದು ಎಂದು ಗುರುತಿಸಿದವರಿಗೆ ಮುಂದಿನ ಉಪಾಯ ಹೊಳೆಯುತ್ತದೆ. ಇಂದು ಎಂಟನೆಯ ತರಗತಿಯಲ್ಲಿರುವ ಮಕ್ಕಳು ಮೂವತ್ತು ದಾಟುವ ಹೊತ್ತಿಗೆ ಗುತ್ತಿಗೆಯ ಅವಧಿ ಮುಗಿಯುತ್ತಾ ಬರುತ್ತದೆ. ಆ ನೆಲವನ್ನು ಏನು ಮಾಡಬೇಕು, ಅದರಲ್ಲಿ ಯಾರಿಗೆಲ್ಲ ಪಾಲು ಇರಬೇಕು ಎಂದು ತೀರ್ಮಾನಿಸುವವರು ನೀವೇ. ಅದಕ್ಕೆ ಬೇಕಾದ ಲೆಕ್ಕ, ವಿಜ್ಞಾನ, ಸಮಾಜ ಮೂರನ್ನೂ ಈ ಶಾಲೆಯಲ್ಲೇ ಕಲಿಯುತ್ತಿದ್ದೀರಿ. ಶಾಲೆಯ ಶತಮಾನೋತ್ಸವದ ಸಂಚಿಕೆಯಲ್ಲಿ ಈ ಕಥೆಯ ಮುಂದಿನ ಭಾಗವನ್ನು ನಿಮ್ಮಲ್ಲೊಬ್ಬರು ಬರೆಯಲಿ ಎಂದು ಹಾರೈಸುತ್ತೇನೆ.