ಹಾಜರಿ ಪಟ್ಟಿ ಮತ್ತು ಅಳತೆ ಪುಸ್ತಕ: ಸರಗೂರು ಸೀಮೆಯ ಅಣೆಕಟ್ಟುಗಳು ಮತ್ತು ಗುತ್ತಿಗೆಯ ದುಡಿಮೆ

ಮೈಸೂರು ಜಿಲ್ಲೆಯ ನೈಋತ್ಯ ಭಾಗದಲ್ಲಿ ಕಪಿಲಾ ನದಿಯ ದಡದ ಮೇಲಿರುವ ಸರಗೂರು ಬಹುಕಾಲ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದ ಊರು. 2018ರಲ್ಲಿ ತಾನೇ ಒಂದು ತಾಲ್ಲೂಕಿನ ಕೇಂದ್ರವಾಯಿತು. ಹಳೆಯ ತಾಲ್ಲೂಕಿನ ಎಲ್ಲೆಯೊಳಗೆ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳಿವೆ. ಇವುಗಳಲ್ಲಿ ನುಗು ಮತ್ತು ಕಬಿನಿ ಎರಡೂ ಸರಗೂರಿಗೆ ಸಮೀಪದವು. ಬೀರ್ವಾಳಿನ ಬಳಿ ನುಗು ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟುವ ಕೆಲಸವು 1946ರಲ್ಲಿ ಆರಂಭವಾಗಿ 1950ರ ದಶಕದ ಕೊನೆಯಲ್ಲಿ ಮುಗಿಯಿತು. ಬೀಚನಹಳ್ಳಿಯ ಬಳಿ ಕಬಿನಿಯ ಕೆಲಸವು 1959ರಲ್ಲಿ ಮೊದಲಾಗಿ 1974ರಲ್ಲಿ ಪೂರ್ಣಗೊಂಡಿತು. ಮೊದಲನೆಯದರಲ್ಲಿ 5.44 ಟಿ.ಎಂ.ಸಿ. ಅಡಿ, ಎರಡನೆಯದರಲ್ಲಿ 19.52 ಟಿ.ಎಂ.ಸಿ. ಅಡಿ ನೀರು ನಿಲ್ಲುವಂತೆ ಯೋಜಿಸಲಾಗಿತ್ತು. ಕಬಿನಿಯ ನೀರಿನಲ್ಲಿ 22 ಗ್ರಾಮಗಳೂ 14 ಉಪಗ್ರಾಮಗಳೂ ಮುಳುಗಿದವು. ಒಟ್ಟಿನಲ್ಲಿ ಸುಮಾರು 28 ವರ್ಷಗಳ ಕಾಲ, ಎಂದರೆ ಒಂದು ತಲೆಮಾರಿನ ಜನ ಹುಟ್ಟಿ ಬೆಳೆದು ಸಂಸಾರಸ್ಥರಾಗುವವರೆಗೆ, ಈ ಸೀಮೆಯಲ್ಲಿ ಒಂದಿಲ್ಲೊಂದು ಅಣೆಕಟ್ಟಿನ ಕೆಲಸ ನಡೆಯುತ್ತಲೇ ಇತ್ತು.

ಮೇಲ್ಕಂಡ ಅಂಕಿಗಳು ಯಾವ ಕೈಪಿಡಿಯಲ್ಲಾದರೂ ದೊರೆಯತಕ್ಕವು. ಆದರೆ ಈ ಕಟ್ಟೆಗಳಿಗೆ ಮಣ್ಣು ಹೊತ್ತವರಾರು, ಕಲ್ಲು ಒಡೆದವರಾರು, ಅವರು ಯಾರ ಆಳುಗಳಾಗಿ ದುಡಿದರು, ಕೂಲಿಯನ್ನು ಯಾರ ಕೈಯಿಂದ ಪಡೆದರು ಎಂಬ ಪ್ರಶ್ನೆಗಳಿಗೆ ಕೈಪಿಡಿಗಳಲ್ಲಿ ಉತ್ತರವಿಲ್ಲ. ಬರೆದವರಿಗೆ ಬಡವರ ಮೇಲೆ ಮರುಕವಿರಲಿಲ್ಲವೆಂದು ಇದಕ್ಕೆ ಕಾರಣ ಹೇಳಿ ಸುಮ್ಮನಾಗುವುದು ಸುಲಭ. ಪ್ರಕೃತ ಲೇಖನದ ಅಭಿಪ್ರಾಯ ಬೇರೆಯಾಗಿದೆ. ದುಡಿದವನ ಹೆಸರು ದಾಖಲೆಯಲ್ಲಿ ಉಳಿಯುವುದೂ ಅಳಿಯುವುದೂ ಬರೆಯುವವನ ಮನೋಧರ್ಮಕ್ಕಿಂತ ಹೆಚ್ಚಾಗಿ ಕೆಲಸವನ್ನು ವಹಿಸಿಕೊಡುವ ಕ್ರಮವನ್ನು ಅವಲಂಬಿಸಿದೆ. ದೊಡ್ಡ ಗುತ್ತಿಗೆಯ ಕ್ರಮವು ಬೆಳೆದಂತೆಲ್ಲ ಹೆಸರುಗಳು ಅಳಿದು ಘನ ಅಡಿಗಳು ಉಳಿದವು ಎಂಬುದನ್ನು ಇಲ್ಲಿ ನಿರೂಪಿಸಲು ಯತ್ನಿಸಲಾಗಿದೆ.

‘ಗುತ್ತಿಗೆ’ ಎಂಬ ಮಾತು ಹೊಸದಲ್ಲ. ಶಾಸನಗಳಲ್ಲಿ ಇದು ‘ಗುತ್ತಗೆ’ ಎಂಬ ರೂಪದಲ್ಲಿ ಬರುತ್ತದೆ. ಅಲ್ಲಿ ಇದರ ಅರ್ಥ ಭೂಮಿಯನ್ನೋ ಸುಂಕವನ್ನೋ ಗೊತ್ತಾದ ಮೊತ್ತಕ್ಕೆ ಒಬ್ಬನಿಗೆ ವಹಿಸಿಕೊಡುವುದು. ಕೊಟ್ಟವನಿಗೆ ಬರಬೇಕಾದುದು ನಿಶ್ಚಿತವಾಗುತ್ತದೆ. ಆ ಮೊತ್ತವನ್ನು ಯಾರಿಂದ ಹೇಗೆ ಎತ್ತಿದನೆಂಬ ಚಿಂತೆ ಅವನಿಗೆ ಉಳಿಯುವುದಿಲ್ಲ. ಕಟ್ಟಡದ ಗುತ್ತಿಗೆಯ ತಿರುಳೂ ಇದೇ. ಕೆರೆ ಕಟ್ಟಿಸಿದವರ ಶಾಸನಗಳಲ್ಲಿಯೂ ಇಂಥ ಮೌನ ಉಂಟು. ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಪ್ರಸಿದ್ಧ ಶಾಸನವು ಕೆರೆ ಕಟ್ಟಿಸಿದ ವಿಜಯನಗರದ ರಾಜಕುಮಾರ ಭಾಸ್ಕರನನ್ನು ಹೊಗಳುತ್ತದೆ. ಕಟ್ಟೆಯ ಗುಣದೋಷಗಳನ್ನು ವಿವರಿಸುತ್ತದೆ. ದುಡಿದವರ ವಿಷಯದಲ್ಲಿ ಅದು ಹೇಳುವುದು ಸಾವಿರ ಕೂಲಿಯಾಳುಗಳು, ನೂರು ಬಂಡಿಗಳು, ಎರಡು ವರ್ಷಗಳು ಎಂಬ ಲೆಕ್ಕವನ್ನು ಮಾತ್ರ. ಅದೇ ನಮ್ಮ ನಾಡಿನಲ್ಲಿ ತುರುಗಾಳಗದಲ್ಲಿ ಮಡಿದ ಸಾಮಾನ್ಯನಿಗೂ ಹೆಸರು ಕೊರೆದು ವೀರಗಲ್ಲು ನಿಲ್ಲಿಸಿದರು. ಕೆರೆಗೆ ಬಲಿಯಾದ ಸೊಸೆ ಭಾಗೀರಥಿಯ ಹೆಸರನ್ನು ಜನಪದರ ಬಾಯಿ ಇಂದಿಗೂ ಮರೆತಿಲ್ಲ. ಹೆಸರನ್ನು ನೆನೆಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಎಡೆ ಇರಲಿಲ್ಲ.

ಇನ್ನು ಆಧುನಿಕ ಕಾಲದ ಲೋಕೋಪಯೋಗಿ ಇಲಾಖೆಯ ಕ್ರಮವನ್ನು ನೋಡಬಹುದು. ಬ್ರಿಟಿಷರ ಕಾಲದಲ್ಲಿ ರೂಪುಗೊಂಡು ಸ್ವಾತಂತ್ರ್ಯಾನಂತರವೂ ಮುಂದುವರಿದ ಇಲಾಖೆಯ ನಿಯಮಗಳಲ್ಲಿ ಕೆಲಸ ಮಾಡಿಸಲು ಮುಖ್ಯವಾಗಿ ಎರಡು ದಾರಿಗಳಿದ್ದವು. ಮೊದಲನೆಯದು, ಇಲಾಖೆಯೇ ನೇರವಾಗಿ ಕೂಲಿಯಾಳುಗಳನ್ನು ಹಚ್ಚುವುದು. ಆಗ ಹಾಜರಿ ಪಟ್ಟಿ, ಎಂದರೆ ಜನರ ಬಾಯಲ್ಲಿ ‘ಮಸ್ಟರ್ ರೋಲು’, ಇಡಬೇಕಾಗಿತ್ತು. ಅದರಲ್ಲಿ ಒಬ್ಬೊಬ್ಬ ಆಳಿನ ಹೆಸರು, ತಂದೆಯ ಹೆಸರು, ಬಂದ ದಿನಗಳು, ದರ, ಸಲ್ಲಬೇಕಾದ ಹಣ, ಪಡೆದುದಕ್ಕೆ ಸಹಿ ಇಲ್ಲವೆ ಹೆಬ್ಬೆಟ್ಟಿನ ಗುರುತು ಇರುತ್ತಿದ್ದವು. ಎರಡನೆಯದು, ಟೆಂಡರು ಕರೆದು ಗುತ್ತಿಗೆ ಕೊಡುವುದು. ಆಗ ಬೇಕಾದುದು ಅಳತೆ ಪುಸ್ತಕ. ಅದರಲ್ಲಿ ಇರುವುದು ಉದ್ದ, ಅಗಲ, ಆಳ, ಇವುಗಳ ಗುಣಲಬ್ಧ, ಮುಂದೆ ದರ, ಅದರ ಮುಂದೆ ಗುತ್ತಿಗೆದಾರನಿಗೆ ಸಲ್ಲುವ ಮೊತ್ತ. ಮಣ್ಣನ್ನು ಎತ್ತಿದವರು ನೂರು ಜನವೋ ಸಾವಿರ ಜನವೋ, ಗಂಡಸರೋ ಹೆಂಗಸರೋ ಎಂಬುದನ್ನು ಅಳತೆ ಪುಸ್ತಕ ಕೇಳುವುದೇ ಇಲ್ಲ. ಸರ್ಕಾರದ ಹಣ ಪೋಲಾಗದಂತೆ ಕಾಯುವುದಕ್ಕೆ ಅದು ತಕ್ಕ ಸಾಧನ. ಮನುಷ್ಯರನ್ನು ಕುರಿತು ಅದು ಮೂಕವಾಗಿದೆ.

ಮೈಸೂರು ಸಂಸ್ಥಾನದ ದೊಡ್ಡ ಕೆಲಸಗಳಲ್ಲಿ ಈ ಎರಡು ದಾರಿಗಳೂ ಬೆರೆತುಕೊಂಡಿದ್ದವು. 1911ರಲ್ಲಿ ಆರಂಭವಾಗಿ 1931ರ ವೇಳೆಗೆ ಮುಗಿದ ಕೃಷ್ಣರಾಜಸಾಗರವು 8,600 ಅಡಿ ಉದ್ದದ ಕಲ್ಲಿನ ಕಟ್ಟಡ. ಸಿಮೆಂಟಿನ ಬದಲು ಸುರ್ಕಿ ಗಾರೆಯಿಂದ ಕಟ್ಟಿದುದು. ಸುಟ್ಟ ಇಟ್ಟಿಗೆಯನ್ನು ಪುಡಿಮಾಡುವುದರಿಂದ ಮೊದಲುಗೊಂಡು ಗಾರೆ ಅರೆಯುವುದು, ಕಲ್ಲು ಸಾಗಿಸುವುದು, ಇಡುವುದು ಎಲ್ಲಕ್ಕೂ ಜನಬಲವೇ ಆಧಾರ. ಅಂದಿನ ಮುಖ್ಯ ಇಂಜಿನಿಯರಾಗಿದ್ದು ಬಳಿಕ ದಿವಾನರಾದ ವಿಶ್ವೇಶ್ವರಯ್ಯನವರ ಹೆಸರು ಈ ಕಟ್ಟೆಯೊಡನೆ ಬೆಸೆದುಕೊಂಡಿರುವುದು ನ್ಯಾಯವೇ ಆಗಿದೆ. ಆದರೆ ಸಣ್ಣ ಸಣ್ಣ ತುಂಡುಗುತ್ತಿಗೆಗಳಾಗಿ ಹಂಚಿಹೋದ ಕೆಲಸದಲ್ಲಿ ಅವರ ಕೆಳಗೆ ದುಡಿದ ಸಾವಿರಾರು ಜನ ಬರಿಯ ‘ಸಾವಿರಾರು ಜನ’ವಾಗಿಯೇ ಉಳಿದರು.

ಸ್ವಾತಂತ್ರ್ಯದ ಆಚೀಚೆ ದೇಶದಲ್ಲಿ ಗುತ್ತಿಗೆಯ ಸ್ವರೂಪವೇ ಮಾರ್ಪಟ್ಟಿತು. ವಾಲ್‌ಚಂದ್ ಹೀರಾಚಂದರ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪೆನಿ 1926ರಲ್ಲಿಯೂ, ಇಬ್ಬರು ಡೇನಿಷ್ ಇಂಜಿನಿಯರುಗಳ ಲಾರ್ಸೆನ್ ಅಂಡ್ ಟೂಬ್ರೋ 1938ರಲ್ಲಿಯೂ ಮುಂಬಯಿಯಲ್ಲಿ ಹುಟ್ಟಿದವು. ನದೀಕಣಿವೆ ಯೋಜನೆಗಳು ಹೆಚ್ಚಿದಾಗ ಭಾರತ ಸರ್ಕಾರವೇ 1957ರಲ್ಲಿ ನ್ಯಾಷನಲ್ ಪ್ರಾಜೆಕ್ಟ್ಸ್ ಕನ್‌ಸ್ಟ್ರಕ್ಷನ್ ಕಾರ್ಪೊರೇಷನ್ ಎಂಬ ಗುತ್ತಿಗೆ ಸಂಸ್ಥೆಯನ್ನು ಸ್ಥಾಪಿಸಿತು. ಊರಿನ ಗುತ್ತಿಗೆದಾರನ ಜಾಗಕ್ಕೆ ಯಂತ್ರ, ಬಂಡವಾಳ, ಇಂಜಿನಿಯರುಗಳ ಪಡೆ, ಹಲವು ರಾಜ್ಯಗಳಲ್ಲಿ ಏಕಕಾಲಕ್ಕೆ ಕೆಲಸ ನಡೆಸುವ ಶಕ್ತಿ ಇವೆಲ್ಲ ಉಳ್ಳ ಕಂಪೆನಿ ಬಂದಿತು.

ಇಂಥ ಕಂಪೆನಿಯಲ್ಲಿ ಕೆಲಸ ಮಾಡುವುದು ಹೇಗಿರುತ್ತದೆ ಎಂಬುದಕ್ಕೆ ಉತ್ತರ ಒಂದೇ ಅಲ್ಲ. ನಿಂತ ಮೆಟ್ಟಿಲನ್ನು ಅವಲಂಬಿಸಿದ್ದು. ಮೇಲಿನ ಮೆಟ್ಟಿಲುಗಳಲ್ಲಿ ಕಲಿತವರು. ಬೆಂಗಳೂರಿನಲ್ಲಿ 1917ರಲ್ಲಿ, ಮೈಸೂರಿನಲ್ಲಿ 1946ರಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ಸ್ಥಾಪಿತವಾದುದರಿಂದ ನಮ್ಮ ಯುವಕರಿಗೆ ಎರಡು ಬಾಗಿಲು ತೆರೆದವು: ಒಂದು ಇಲಾಖೆಯದು, ಮತ್ತೊಂದು ಗುತ್ತಿಗೆ ಕಂಪೆನಿಯದು. ಒಂದೇ ಬೆಂಚಿನಲ್ಲಿ ಓದಿದ ಇಬ್ಬರಲ್ಲಿ ಒಬ್ಬನು ಇಲಾಖೆಯ ಪರವಾಗಿ ಅಳತೆ ಬರೆಯುವವನೂ ಇನ್ನೊಬ್ಬನು ಕಂಪೆನಿಯ ಪರವಾಗಿ ಆ ಅಳತೆಯನ್ನು ಒಪ್ಪುವವನೂ ಆಗಿ ಎದುರುಬದುರು ನಿಲ್ಲುವ ಪ್ರಸಂಗ ಒದಗುತ್ತಿತ್ತು. ಕಂಪೆನಿಯ ಇಂಜಿನಿಯರು ಕೆಲಸ ಮುಗಿದೊಡನೆ ಮತ್ತೊಂದು ರಾಜ್ಯದ ಮತ್ತೊಂದು ಬಿಡಾರಕ್ಕೆ ಸಂಸಾರ ಕಟ್ಟಿಕೊಂಡು ಹೊರಡಬೇಕು. ಆದರೂ ಅವನಿಗೆ ನೇಮಕದ ಪತ್ರವಿತ್ತು, ಸಂಬಳದ ಪುಸ್ತಕದಲ್ಲಿ ಹೆಸರಿತ್ತು.

ಕೆಳಗಿಳಿದಂತೆ ಕಾಗದಗಳು ತೆಳುವಾಗುತ್ತವೆ. ಕಂಪೆನಿಯಿಂದ ಒಳಗುತ್ತಿಗೆದಾರ, ಅವನಿಂದ ಮೇಸ್ತ್ರಿ, ಮೇಸ್ತ್ರಿಯಿಂದ ಗುಂಪು: ಹೀಗೆ ಕೆಲಸ ಇಳಿದು ಬರುತ್ತಿತ್ತು. ಮೇಸ್ತ್ರಿ ಸುಗ್ಗಿ ಮುಗಿದ ಮೇಲೆ ಹಳ್ಳಿಗೆ ಬಂದು ಮುಂಗಡ ಕೊಡುವನು. ಮುಂಗಡ ತೀರುವವರೆಗೆ ಕುಟುಂಬ ಅವನ ಹಿಂದೆ. ಮಣ್ಣು ಕೆಲಸದಲ್ಲಿ ಗಂಡನು ಗುದ್ದಲಿ ಹಿಡಿದು ಅಗೆದರೆ ಹೆಂಡತಿ ಮಂಕರಿ ಹೊರುವಳು. ಇಬ್ಬರ ದುಡಿಮೆಯನ್ನೂ ಸೇರಿಸಿ ಅಳೆದು ಹಣವನ್ನು ಗಂಡನ ಕೈಗೆ ಕೊಡುವುದು ರೂಢಿ. ಹಳೆಯ ದಾಖಲೆಗಳಲ್ಲಿ ಮಣ್ಣುವಡ್ಡರು, ಕಲ್ಲುವಡ್ಡರು ಎಂದು ಕರೆಯಲ್ಪಟ್ಟಿರುವ ಭೋವಿ ಸಮುದಾಯದವರು ಈ ಕೆಲಸಗಳಲ್ಲಿ ತಲೆಮಾರುಗಳಿಂದ ಪಳಗಿದವರು. ಅಗೆದ ಗುಂಡಿಯ ನಡುವೆ ಅಲ್ಲಲ್ಲಿ ಮೂಲ ನೆಲದ ಮಟ್ಟವನ್ನು ತೋರಿಸಲು ಮಣ್ಣಿನ ಕಂಬಗಳನ್ನು ಅಗೆಯದೆ ಬಿಡುತ್ತಿದ್ದರು. ಆ ಕಂಬದ ಎತ್ತರವೇ ಅಗೆತದ ಆಳಕ್ಕೆ ಸಾಕ್ಷಿ. ಅಳತೆ ಮುಗಿದ ಮೇಲೆ ಅದನ್ನೂ ಕಡಿದು ಹೊರುತ್ತಿದ್ದರು. ದುಡಿದವನ ಪರವಾಗಿ ನಿಂತಿದ್ದ ಒಂದೇ ಒಂದು ಸಾಕ್ಷಿಯೂ ಹೀಗೆ ಕಟ್ಟೆಯೊಳಗೆ ಸೇರಿಹೋಗುತ್ತಿತ್ತು.

ಲೆಕ್ಕದ ಭಾಷೆಯೂ ಈ ಅವಧಿಯಲ್ಲಿ ಬದಲಾದುದು ಗಮನಾರ್ಹ. ನುಗುವಿನ ಕೆಲಸ ಆರಂಭವಾದಾಗ ಕೂಲಿ ಆಣೆಗಳಲ್ಲಿ, ಮಣ್ಣು ಘನ ಅಡಿಗಳಲ್ಲಿ. 1957ರ ಏಪ್ರಿಲ್ 1ರಿಂದ ನಯೇ ಪೈಸೆ ಬಂದಿತು. 1956ರ ಕಾಯಿದೆಯ ಪ್ರಕಾರ ಮೆಟ್ರಿಕ್ ಅಳತೆ ಕ್ರಮೇಣ ಬಳಕೆಗೆ ಬಂದಿತು. ಹೀಗಾಗಿ ಅನಕ್ಷರಸ್ಥನಾದ ಆಳು ತನ್ನ ದುಡಿಮೆಯ ಬೆಲೆಯನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಲು ಇದ್ದ ಎರಡು ಆಧಾರಗಳೂ, ಆಣೆಯೂ ಅಡಿಯೂ, ಕೆಲವೇ ವರ್ಷಗಳಲ್ಲಿ ಬದಲಾದವು. ಲೆಕ್ಕ ಬಲ್ಲ ಮೇಸ್ತ್ರಿಯ ಮಾತಿಗೆ ಇದರಿಂದ ಬಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಹೆಸರಿನ ಪ್ರಶ್ನೆ ಬರಿಯ ಗೌರವದ ಪ್ರಶ್ನೆಯಲ್ಲ. ಕಲ್ಲು ಸಿಡಿದು ಕೈ ಹೋದವನಿಗೆ ಪರಿಹಾರ ಕೊಡಬೇಕಾದವರು ಯಾರು ಎಂಬ ಪ್ರಶ್ನೆಯೂ ಇದರೊಳಗೆ ಅಡಗಿದೆ. ‘ಅವನು ನಮ್ಮ ಆಳಲ್ಲ’ ಎಂದು ಇಲಾಖೆಯೂ, ‘ಒಳಗುತ್ತಿಗೆದಾರನ ಆಳು’ ಎಂದು ಕಂಪೆನಿಯೂ, ‘ಮೇಸ್ತ್ರಿ ಕರೆತಂದವನು’ ಎಂದು ಒಳಗುತ್ತಿಗೆದಾರನೂ ಹೇಳಬಹುದಾಗಿತ್ತು. ಈ ಜಾರಿಕೆಯನ್ನು ಶಾಸನಕರ್ತರು ಕಾಣದೆ ಇರಲಿಲ್ಲ. 1923ರ ಕಾರ್ಮಿಕರ ಪರಿಹಾರ ಕಾಯಿದೆಯ 12ನೆಯ ಪ್ರಕರಣವು ಗುತ್ತಿಗೆದಾರನ ಆಳು ಗಾಯಗೊಂಡರೂ ಕೆಲಸ ಕೊಟ್ಟ ಮೂಲ ಯಜಮಾನನೇ ಪರಿಹಾರ ತೆರಬೇಕು, ಬಳಿಕ ಅದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು ಎಂದು ವಿಧಿಸಿತು. ಗಣರಾಜ್ಯ ಸ್ಥಾಪನೆಯ ಬಳಿಕ ಈ ಕಾಯಿದೆ ಮೈಸೂರು ರಾಜ್ಯಕ್ಕೂ ಅನ್ವಯಿಸಿತು. ಕಬಿನಿಯ ಕೆಲಸ ನಡೆಯುತ್ತಿದ್ದಾಗಲೇ ಬಂದ 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯು, ಗುತ್ತಿಗೆದಾರನು ಕೂಲಿ ಕೊಡದಿದ್ದರೆ ಮೂಲ ಯಜಮಾನನೇ ಕೊಡಬೇಕೆಂದಿತು.

ಆದರೆ ಕಾಯಿದೆಯ ಬಾಗಿಲು ತಟ್ಟುವವನು ತಾನು ಅಲ್ಲಿ ದುಡಿದೆನೆಂದು ಮೊದಲು ತೋರಿಸಬೇಕಲ್ಲವೆ? ದೇಶದ ರಾಜಧಾನಿಯಲ್ಲಿಯೇ ಈ ಸರಪಳಿ ಹೇಗೆ ಕೆಲಸ ಮಾಡುತ್ತಿತ್ತೆಂಬುದು 1982ರ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳ ಕೆಲಸಗಾರರನ್ನು ಕುರಿತ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ತಿಳಿಯುತ್ತದೆ. ಅಲ್ಲಿ ದಿನದ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ. ಹಣ ಜಮಾದಾರರ ಕೈ ಹಾಯ್ದು ಬರುತ್ತಿತ್ತು. ಅವರು ತಲೆಗೆ 1 ರೂಪಾಯಿ ಮುರಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದರು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಆಗುತ್ತದೆಂದೂ, ಗುತ್ತಿಗೆದಾರನನ್ನು ಮುಂದೆ ಮಾಡಿ ಸರ್ಕಾರ ಹೊಣೆ ಜಾರಿಸಿಕೊಳ್ಳಲಾಗದೆಂದೂ ನ್ಯಾಯಾಲಯ ತೀರ್ಮಾನಿಸಿತು.

ಇಷ್ಟನ್ನು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ತೂಗಿ ನೋಡಬೇಕು. ಹಾಜರಿ ಪಟ್ಟಿಯೆಲ್ಲ ಸತ್ಯವೆಂದು ನಂಬುವಂತಿಲ್ಲ. ಇಲ್ಲದ ಆಳುಗಳ ಹೆಸರು ಬರೆದು ಹಣ ಎತ್ತುವ ಚಾಳಿಯೂ ಅದರೊಡನೆ ಬೆಳೆದು ಬಂದುದೇ. ಅಳತೆ ಪುಸ್ತಕವು ಅಂಥ ಮೋಸಕ್ಕೆ ಒಂದು ತಡೆ. ಅಲ್ಲದೆ ಭಾರಿ ಯಂತ್ರ, ಹೊಸ ವಿದ್ಯೆ, ಗೊತ್ತಾದ ಅವಧಿಯಲ್ಲಿ ಕೆಲಸ ಮುಗಿಸುವ ಕಟ್ಟು ಇವು ದೊಡ್ಡ ಕಂಪೆನಿಯಿಂದ ಒದಗಿದುವೆಂಬುದನ್ನು ಅಲ್ಲಗಳೆಯಲಾಗದು. ನಷ್ಟದ ಭಯವನ್ನು ತಲೆಯ ಮೇಲೆ ಹೊತ್ತವನು ಗುತ್ತಿಗೆದಾರನೇ. ಗುತ್ತಿಗೆಯೇ ಅನ್ಯಾಯವೆಂಬುದು ನಮ್ಮ ವಾದವಲ್ಲ. ಘನ ಅಡಿಗೆ ಒಂದು ಪುಸ್ತಕ ಇಟ್ಟ ವ್ಯವಸ್ಥೆ ಮನುಷ್ಯನಿಗೂ ಒಂದು ಪುಸ್ತಕ ಇಡಬಹುದಾಗಿತ್ತು; ಇಡಲಿಲ್ಲ ಎಂಬುದಿಷ್ಟೇ.

ಆ ಪುಸ್ತಕ ತಡವಾಗಿ ಬಂದಿತು. 1996ರಲ್ಲಿ ಕಟ್ಟಡ ಕಾರ್ಮಿಕರ ಕಾಯಿದೆಯೂ, ಕಟ್ಟಡದ ವೆಚ್ಚದ ಮೇಲೆ ಉಪಕರ ವಿಧಿಸುವ ಇನ್ನೊಂದು ಕಾಯಿದೆಯೂ ಬಂದವು. ಕರ್ನಾಟಕದಲ್ಲಿ ಕಲ್ಯಾಣ ಮಂಡಳಿ 2007ರಲ್ಲಿ ಸ್ಥಾಪಿತವಾಯಿತು. ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದವನು ತನ್ನ ಹೆಸರು ನೋಂದಾಯಿಸಿಕೊಳ್ಳಲು ಅರ್ಹನಾದನು. ನುಗು ಕಟ್ಟೆಯ ಮೊದಲ ಗುದ್ದಲಿ ಬಿದ್ದು 60 ವರ್ಷಗಳಾದ ಮೇಲೆ ಕಟ್ಟುವವನ ಹೆಸರಿಗೆ ಒಂದು ಪುಟ ದೊರೆಯಿತು.

ಕಬಿನಿಯ ಕೆಲಸ ಮುಗಿದು 50 ವರ್ಷಗಳು ಸಂದಿವೆ. ಅಂದು ಇಪ್ಪತ್ತರ ಪ್ರಾಯದಲ್ಲಿ ಮಂಕರಿ ಹೊತ್ತವರು ಇಂದು ಎಪ್ಪತ್ತು ದಾಟಿದ್ದಾರೆ. ನುಗುವಿನಲ್ಲಿ ದುಡಿದವರ ತಲೆಮಾರು ಬಹುಮಟ್ಟಿಗೆ ಮುಗಿದಂತೆಯೇ. ಇತಿಹಾಸ ವಿಭಾಗದ ವಿದ್ಯಾರ್ಥಿಗಳು ದೂರದ ಪತ್ರಾಗಾರಗಳಿಗೆ ಹೋಗುವ ಮುನ್ನ ಸರಗೂರು, ಬೀಚನಹಳ್ಳಿ, ಬೀರ್ವಾಳುಗಳ ಜಗಲಿಗಳ ಮೇಲೆ ಕುಳಿತು, ಯಾವ ಮೇಸ್ತ್ರಿ ಕರೆತಂದನು, ಮುಂಗಡವೆಷ್ಟು, ಬಟವಾಡೆ ಯಾವ ವಾರ, ಜೊತೆಗಾರರ ಹೆಸರೇನು ಎಂದು ಕೇಳಿ ಬರೆದುಕೊಳ್ಳುವುದು ಅವಶ್ಯ. ಹಾಗೆ ಬರೆದುಕೊಂಡುದರಲ್ಲಿ ತಪ್ಪುಗಳಿರಬಹುದು, ಮರೆವು ಇರಬಹುದು. ಒಂದು ಹೇಳಿಕೆಯನ್ನು ಇನ್ನೊಂದರೊಡನೆ ಹೋಲಿಸಿ ತಿದ್ದಿಕೊಳ್ಳುವ ಕ್ರಮ ನಮ್ಮ ಶಾಸ್ತ್ರಕ್ಕೆ ಗೊತ್ತಿರುವುದೇ. ಕಟ್ಟೆಯಲ್ಲಿ ಎಷ್ಟು ಕಲ್ಲಿದೆಯೆಂಬುದನ್ನು ಅಳತೆ ಪುಸ್ತಕ ಇನ್ನು ನೂರು ವರ್ಷಗಳ ಬಳಿಕವೂ ಹೇಳಬಲ್ಲುದು. ಹೆಸರುಗಳನ್ನು ಹೇಳಬಲ್ಲವರಿಗೆ ಅಷ್ಟು ಕಾಲವಿಲ್ಲ.