ಆಗ್ನೇಯ ಏಷ್ಯಾದಲ್ಲಿ ರಾಮಾಯಣ

ಬಂಗಾಳ ಕೊಲ್ಲಿಯಾಚೆ ಬರ್ಮಾದಿಂದ ಫಿಲಿಪ್ಪೀನ್ಸ್‌ವರೆಗೆ ರಾಮಕಥೆ ಮುಟ್ಟದ ನಾಡು ವಿರಳ. ಅದು ದಂಡೆತ್ತಿ ಹೋದ ಕಥೆಯಲ್ಲ. ವ್ಯಾಪಾರಿಗಳ, ಪುರೋಹಿತರ ಜೊತೆಗೆ ಹಡಗು ಹತ್ತಿ ಹೋದದ್ದು. ಈಗಿನ ಮಧ್ಯ ವಿಯೆಟ್ನಾಮಿನಲ್ಲಿದ್ದ ಚಂಪಾ ರಾಜ್ಯದ 7ನೇ ಶತಮಾನದ ಶಾಸನವೊಂದು ವಾಲ್ಮೀಕಿಯನ್ನು ಹೆಸರಿಸಿಯೇ ಸ್ಮರಿಸುತ್ತದೆ.

ಜಾವಾದ ಹಳೆಯ ಕಾವ್ಯ ‘ಕಾಕವಿನ್ ರಾಮಾಯಣ’ ಸುಮಾರು 9ನೇ ಶತಮಾನದ್ದು. ಅದರ ಮೊದಲ ಭಾಗಕ್ಕೆ ಮುಖ್ಯ ಆಧಾರ ವಾಲ್ಮೀಕಿಯಲ್ಲ, ಸಂಸ್ಕೃತದ ಭಟ್ಟಿಕಾವ್ಯ. ಅದೇ ಶತಮಾನದ ಪ್ರಂಬಾನನ್ ದೇಗುಲಗಳಲ್ಲಿ ಶಿವಾಲಯದಿಂದ ಬ್ರಹ್ಮಾಲಯದವರೆಗೆ ಕಥೆ ಕಲ್ಲಿನಲ್ಲಿ ಸಾಗುತ್ತದೆ. ಮುಂದೆ ಜಾವಾ ಇಸ್ಲಾಮಿಗೆ ತಿರುಗಿತು, ರಾಮ ಮಾತ್ರ ಊರು ಬಿಡಲಿಲ್ಲ. ‘ವಯಾಂಗ್’ ತೊಗಲುಗೊಂಬೆಯಾಟದಲ್ಲಿ ‘ದಾಲಾಂಗ್’ ಎಂಬ ಸೂತ್ರಧಾರ ಎಮ್ಮೆ ಚರ್ಮದ ಗೊಂಬೆಗಳನ್ನು ಬಾಳೆದಿಂಡಿಗೆ ಚುಚ್ಚಿ ನಿಲ್ಲಿಸುತ್ತಾನೆ. ಸಾತ್ವಿಕರು ಅವನ ಬಲಕ್ಕೆ, ರಾಕ್ಷಸರು ಎಡಕ್ಕೆ. ಗಮೆಲಾನ್ ವಾದ್ಯಗಳ ಹಿಮ್ಮೇಳದಲ್ಲಿ ಬೆಳಗಿನವರೆಗೂ ಎಲ್ಲ ಪಾತ್ರಗಳ ಮಾತೂ ಅವನೊಬ್ಬನದೇ. ಈ ದಾಲಾಂಗರಲ್ಲಿ ಹೆಚ್ಚಿನವರು ಮುಸ್ಲಿಮರು.

ಥಾಯ್ಲೆಂಡಿನಲ್ಲಿ ಕಥೆಯನ್ನು ಕಾಪಾಡಿದ್ದು ಅರಮನೆ. 1767ರಲ್ಲಿ ಬರ್ಮಾದ ಸೇನೆ ರಾಜಧಾನಿ ಅಯುತ್ಥಯವನ್ನು ಸುಟ್ಟಾಗ ಹಳೆಯ ಹಸ್ತಪ್ರತಿಗಳು ಬಹುಪಾಲು ನಾಶವಾದವು. ಚಕ್ರಿ ವಂಶದ ಮೊದಲ ದೊರೆ 1797ರಲ್ಲಿ ‘ರಾಮಕಿಯೆನ್’ ಕಾವ್ಯವನ್ನು ಹೊಸದಾಗಿ ಬರೆಸಿದ. ಬ್ಯಾಂಕಾಕಿನ ಪಚ್ಚೆ ಬುದ್ಧನ ದೇಗುಲದ ಸುತ್ತುಗೋಡೆಯ ಮೇಲೆ 178 ಚಿತ್ರಗಳಲ್ಲಿ ಆ ಕಥೆಯಿದೆ. ಆ ವಂಶದ ಅರಸರಿಗೆ ಇಂದಿಗೂ ರಾಮನದೇ ಹೆಸರು. ಈಗಿನವರು ಹತ್ತನೆಯ ರಾಮ.

ಈ ಕಾವ್ಯದ ಹನುಮಂತ ಮಾತ್ರ ನಮ್ಮ ಆಂಜನೇಯನ ಭಕ್ತರನ್ನು ಕಂಗೆಡಿಸುವಂಥವನು. ಸೇತುವೆಗೆಂದು ಹಾಕಿದ ಬಂಡೆಗಳು ಮಾಯವಾಗುತ್ತಿರುವುದನ್ನು ಕಂಡು ಅವನು ನೀರಿಗೆ ಧುಮುಕುತ್ತಾನೆ. ಅಲ್ಲಿ ರಾವಣನ ಮಗಳು ಸುವರ್ಣಮತ್ಸ್ಯೆ ತನ್ನ ಮೀನುಗಳ ಪಡೆಯಿಂದ ಕಲ್ಲು ಸಾಗಿಸುತ್ತಿದ್ದಾಳೆ. ಜಗಳಕ್ಕೆ ಹೋದವನು ಪ್ರೇಮದಲ್ಲಿ ಬೀಳುತ್ತಾನೆ. ಹುಟ್ಟುವ ಮಗ ಮೀನಿನ ಬಾಲದ ಕೋತಿ. ಬ್ರಹ್ಮಚರ್ಯದ ಮಾತೇ ಇಲ್ಲ. ಇಲ್ಲಿ ಸೀತೆಯೂ ರಾವಣನ ಮಗಳೇ. ಕನ್ನಡಿಗರಿಗೆ ಇದು ತೀರ ಹೊಸತೇನಲ್ಲ: 9ನೇ ಶತಮಾನದ ಜೈನ ಆಚಾರ್ಯ ಗುಣಭದ್ರರ ‘ಉತ್ತರಪುರಾಣ’ದಲ್ಲೂ, ನಮ್ಮ ಕೆಲವು ಜನಪದ ರಾಮಾಯಣಗಳಲ್ಲೂ ಅವಳು ರಾವಣನಿಗೇ ಹುಟ್ಟಿದವಳು.

ಲಾವೋಸಿನ ಕೃತಿಯ ಶೀರ್ಷಿಕೆಯಲ್ಲಿ ಲಕ್ಷ್ಮಣನ ಹೆಸರು ಮೊದಲು, ರಾಮನದು ಆಮೇಲೆ; ಅಲ್ಲಿ ರಾಮ ಬುದ್ಧನ ಹಿಂದಿನ ಜನ್ಮ. ಫಿಲಿಪ್ಪೀನ್ಸಿನ ಮರನಾವೊ ಮುಸ್ಲಿಮರ ಕಥೆಗೆ ರಾವಣನದೇ ಹೆಸರು: ‘ಮಹಾರಾಡಿಯ ಲವಾನ’.

ಕಾಂಬೋಡಿಯದಲ್ಲಿ 12ನೇ ಶತಮಾನದ ಅಂಕೋರ್ ವಾಟ್ ಗೋಡೆಯ ಮೇಲೆ ಲಂಕಾಯುದ್ಧ ಕಿಕ್ಕಿರಿದು ಕೆತ್ತಿದೆ. ಅಲ್ಲಿನ ಮುಖವಾಡದ ನಾಟಕ ‘ಲಖೋನ್ ಖೋಲ್’ ಮತ್ತು ಥಾಯ್ ‘ಖೋನ್’ ಹತ್ತಿರದ ಬಂಧುಗಳು. ಮೂಲ ಯಾರದೆಂಬ ಬಗ್ಗೆ ಎರಡೂ ದೇಶದವರು ಜಾಲತಾಣಗಳಲ್ಲಿ ಸಾಕಷ್ಟು ಕಿತ್ತಾಡಿದ್ದಾರೆ. 2018ರಲ್ಲಿ ಯುನೆಸ್ಕೊ ಎರಡನ್ನೂ ಪರಂಪರೆಯೆಂದು ಮಾನ್ಯ ಮಾಡಿತು: ಖೋನ್ ಪ್ರಾತಿನಿಧಿಕ ಪಟ್ಟಿಗೆ, ಸ್ವಾಯ್ ಅಂಡೆಟ್ ಬೌದ್ಧವಿಹಾರದ ಲಖೋನ್ ಖೋಲ್ ತುರ್ತಾಗಿ ಉಳಿಸಬೇಕಾದವುಗಳ ಪಟ್ಟಿಗೆ.