ಎರಡು ಎಳೆಗಳ ಶಾಲು: ಶೆಟ್‌ಲ್ಯಾಂಡಿನ ಹೆಣಿಗೆಯ ಚರಿತ್ರೆ



ನಾವು ಬಂದು ನೆಲೆಸಿರುವ ಈ ಬ್ರಿಟನ್ನಿನ ಚರಿತ್ರೆಯೆಂದರೆ ಪಟ್ಟಾಭಿಷೇಕ, ಯುದ್ಧ, ಪಾರ್ಲಿಮೆಂಟುಗಳ ಕಥೆಯಷ್ಟೇ ಅಲ್ಲ. ಚಳಿಗಾಲದಲ್ಲಿ ಹೆಗಲಿಗೇರುವ ಉಣ್ಣೆಯ ಶಾಲಿಗೂ ಒಂದು ಚರಿತ್ರೆಯುಂಟು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳ ಶಾಲನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ.

ಈ ದ್ವೀಪಗಳು ಮೊದಲು ನಾರ್ವೆಯ ಅಧೀನದಲ್ಲಿದ್ದವು. 1469ರಲ್ಲಿ ಡೆನ್ಮಾರ್ಕ್-ನಾರ್ವೆಗಳ ದೊರೆ ತನ್ನ ಮಗಳ ವರದಕ್ಷಿಣೆಯ ಹಣಕ್ಕೆ ಒತ್ತೆಯಾಗಿ ಇವುಗಳನ್ನು ಸ್ಕಾಟ್ಲೆಂಡಿಗೆ ಬಿಟ್ಟುಕೊಟ್ಟನು. ಗಿಡಮರಗಳು ವಿರಳವಾದ, ಗಾಳಿಯ ಹೊಡೆತಕ್ಕೆ ಸಿಕ್ಕಿದ ನೆಲವದು. ಗಂಡಸರು ಮೀನು ಹಿಡಿಯಲು ಕಡಲಿಗೆ ಹೋದರೆ, ಹೊಲ, ಮನೆ, ಕುರಿಗಳ ಭಾರವೆಲ್ಲ ಹೆಂಗಸರ ಮೇಲೆ. ಉರುವಲಿನ ಬುಟ್ಟಿಯನ್ನು ಬೆನ್ನಿಗೇರಿಸಿಕೊಂಡು ನಡೆಯುವಾಗಲೂ ಅವರ ಕೈಗಳು ಹೆಣೆಯುತ್ತಲೇ ಇದ್ದವು. ಕಡ್ಡಿಯ ಒಂದು ತುದಿಯನ್ನು ಊರಲು ಸೊಂಟಕ್ಕೊಂದು ತೂತುಗಳುಳ್ಳ ತೊಗಲಿನ ಪಟ್ಟಿ ಇರುತ್ತಿತ್ತು.

ಅಲ್ಲಿನ ಕುರಿ ಚಿಕ್ಕದು, ಉಣ್ಣೆ ಮೃದು. ಹಿಂದೆ ಅದನ್ನು ಕತ್ತರಿಸದೆ, ತಾನಾಗಿ ಸಡಿಲವಾಗುವ ಕಾಲದಲ್ಲಿ ಕೈಯಿಂದಲೇ ಕಿತ್ತು ತೆಗೆಯುತ್ತಿದ್ದರು. ಕುತ್ತಿಗೆಯ ಉಣ್ಣೆ ಎಲ್ಲಕ್ಕಿಂತ ನವಿರು. ಅದರಿಂದ ಜೇಡರ ಬಲೆಯಂತಹ ಎಳೆ ನೂತು, ಮದುವೆಯ ಉಂಗುರದೊಳಗಿಂದ ಹಾಯಿಸಬಹುದಾದಷ್ಟು ತೆಳುವಾದ ಜಾಲರಿ ಶಾಲುಗಳನ್ನು ಹೆಣೆದರು. ಉನ್ಸ್ಟ್ ದ್ವೀಪ ಇದಕ್ಕೆ ಹೆಸರಾಯಿತು. ಇನ್ನೊಂದು ಬಗೆ 'ಹ್ಯಾಪ್'. ದಪ್ಪ ನೂಲಿನ ಈ ಶಾಲು ದಿನಬಳಕೆಯದು. ನಡುವೆ ಸಾದಾ ಚೌಕ, ಸುತ್ತಲೂ ಅಲೆಯಂತಹ ಅಂಚು. ನಮ್ಮ ಕರಿಯ ಕಂಬಳಿಯಂತೆ ಇದರಲ್ಲಿಯೂ ಹಲವೊಮ್ಮೆ ಬಣ್ಣವೆಂದರೆ ಕುರಿಯ ಸಹಜವಾದ ಬಣ್ಣವೇ.

ಲೆರ್ವಿಕ್‌ನಲ್ಲಿ ಹುಟ್ಟಿದ ಆರ್ಥರ್ ಆಂಡರ್ಸನ್ 1837ರಲ್ಲಿ ವಿಕ್ಟೋರಿಯಾ ರಾಣಿಗೆ ಶೆಟ್‌ಲ್ಯಾಂಡಿನ ನವಿರಾದ ಕಾಲುಚೀಲಗಳನ್ನು ಕಾಣಿಕೆ ಕೊಟ್ಟನು. ಭಾರತದಿಂದ ಇಂಗ್ಲೆಂಡಿಗೆ ಬಂದ ಹಿಂದಿನ ತಲೆಮಾರಿನ ಅನೇಕರು ಏರಿದ ಪಿ ಅಂಡ್ ಓ ಹಡಗುಗಳ ಕಂಪನಿಯ ಸಂಸ್ಥಾಪಕರಲ್ಲಿ ಈತನೂ ಒಬ್ಬ. ಮುಂದೆ 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿಯೂ ಶೆಟ್‌ಲ್ಯಾಂಡಿನ ಹೆಣಿಗೆ ಕಾಣಿಸಿಕೊಂಡಿತು. ಸಿರಿವಂತರಲ್ಲಿ ಅದಕ್ಕೆ ಬೇಡಿಕೆ ಬೆಳೆಯಿತು.

ಆದರೆ ಹೆಣೆದವಳ ಕೈಗೆ ಬಂದುದೇನು? ವರ್ತಕರು ಶಾಲಿಗೆ ಪ್ರತಿಯಾಗಿ ನಾಣ್ಯ ಕೊಡದೆ, ಅಂಗಡಿಯ ಚಹಾ, ಬಟ್ಟೆಗಳನ್ನೇ ಕೊಡುತ್ತಿದ್ದರು. ಮನೆಯಲ್ಲಿ ಹಿಟ್ಟಿಲ್ಲದಾಗ ಆ ಚಹಾವನ್ನು ಇನ್ನೊಬ್ಬರಿಗೆ ಕೊಟ್ಟು ಹಿಟ್ಟು ಪಡೆಯಬೇಕಾಗಿತ್ತು. ಸರಕಾರದ ವಿಚಾರಣೆಯೊಂದು ಈ ಹೆಂಗಸರ ಹೇಳಿಕೆಗಳನ್ನು 1872ರಲ್ಲಿ ದಾಖಲಿಸಿತು. ಅರಸರ ಚರಿತ್ರೆಯಲ್ಲಿ ಹೆಸರಿಲ್ಲದ ಇಂತಹವರ ಮಾತು ಅಚ್ಚಾಗಿ ಉಳಿದುದೇ ಒಂದು ಭಾಗ್ಯ. ಮನೆಯಲ್ಲಿ ಹೆಣೆದ ಉಣ್ಣೆಯ ವಸ್ತುಗಳಿಗೂ ಹಣವನ್ನೇ ಕೊಡಬೇಕೆಂದು 1887ರ ಕಾನೂನು ವಿಧಿಸಿತಾದರೂ ಹಳೆಯ ಪದ್ಧತಿ ಒಮ್ಮೆಲೇ ನಿಲ್ಲಲಿಲ್ಲ. ನವಿರು ಎಳೆ ದೂರದ ಹೆಗಲುಗಳನ್ನು ಅಲಂಕರಿಸಲು ಹೋಯಿತು; ನೂತವಳ ಹೆಗಲಿಗೆ ಮುಖ್ಯವಾಗಿ ಉಳಿದುದು ದಪ್ಪ ಎಳೆ.

ಈಗ ಹವ್ಯಾಸಕ್ಕಾಗಿ ಹೆಣೆಯುವವರು ಈ ಎರಡು ಎಳೆಗಳನ್ನು ಒಂದೇ ಶಾಲಿನಲ್ಲಿ ಕೂಡಿಸುವುದುಂಟು: ನಡುವೆ ಬೆಚ್ಚನೆಯ ದಪ್ಪ ನೂಲು, ಅಂಚಿಗೆ ನವಿರು ನೂಲು. ಇದಕ್ಕೆ ಜಾಣ್ಮೆ ಬೇಕು. ತೆಳುವಾದ ನೂಲಿನ ಕುಣಿಕೆ ಕಿರಿದಾದ್ದರಿಂದ, ಕೂಡುವಲ್ಲಿ ಕುಣಿಕೆಗಳ ಸಂಖ್ಯೆಯನ್ನು ಹೆಚ್ಚಿಸಬೇಕು. ಇಲ್ಲವೇ ದಪ್ಪ ಕಡ್ಡಿಯಿಂದ ಸಡಿಲವಾಗಿ ಹೆಣೆಯಬೇಕು. ಹಾಗೆ ಮಾಡದಿದ್ದರೆ ಅಂಚು ಬಿಗಿದು ನಡುಭಾಗ ಉಬ್ಬುತ್ತದೆ. ಎರಡೂ ಒಂದೇ ಸಮನೆ ಕುಗ್ಗುತ್ತವೆಯೇ ಎಂಬುದನ್ನು ಮೊದಲು ಸಣ್ಣ ತುಂಡೊಂದನ್ನು ಹೆಣೆದು, ತೊಳೆದು ನೋಡಬೇಕು. ಮುಗಿದ ಶಾಲನ್ನು ಶೆಟ್‌ಲ್ಯಾಂಡಿನಲ್ಲಿ ಮಾಡುವಂತೆ ತೊಳೆದು, ಚೌಕಟ್ಟಿಗೆ ಎಳೆದು ಕಟ್ಟಿ ಒಣಗಿಸಿದರೆ ಅಂಚಿನ ಚಿತ್ತಾರ ಅರಳುತ್ತದೆ.

ನಮ್ಮ ಮನೆಯ ಮಕ್ಕಳು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಅಂತಹ ಶಾಲನ್ನು ಕಂಡರೆ, ಅದನ್ನು ಹೊದ್ದ ರಾಣಿಯ ಹೆಸರಿನೊಡನೆ, ಅದನ್ನು ಹೆಣೆದು ಚಹಾದ ಪೊಟ್ಟಣ ಹಿಡಿದು ಮನೆಗೆ ಮರಳಿದ ಆ ತಾಯಂದಿರನ್ನೂ ನೆನೆಯಲೆಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.